ಗುರುವಾರ ಹೋಗಿ ಬಾ, ಪುಟ್ಟಿ

ಪುಟ್ಟಿ,

ಪಾಪುವಿಗೆ ಹನ್ನೊಂದು ತಿಂಗಳು ತುಂಬಿದರೂ ದಡಾರದ ಲಸಿಕೆ ಹಾಕಿಸಿಲ್ಲ ಅಂತ ನಿಮ್ಮಮ್ಮ ಹೇಳಿದಳು. ರಾತ್ರಿ ನಿದ್ದೆ ಬರಲಿಲ್ಲ. ನಿನ್ನಂಥ ತಾಯಂದಿರು ಇನ್ನೂ ಇದ್ದಾರೆಂದು ಈ ಪತ್ರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ಮೊಟ್ಟೆ ತಿಂದು ಪಾಪುವಿನ ಮೈಯೆಲ್ಲ ಗಂದೆ ಎದ್ದಿತ್ತಲ್ಲ, ಲಸಿಕೆಗೂ ಹಾಗಾದೀತೆಂಬ ನಿನ್ನ ಹೆದರಿಕೆ ಸುಳ್ಳಲ್ಲ. ಹಾಕಿಸುವುದು, ಬಿಡುವುದು ನಿನಗೆ ಸೇರಿದ್ದು. ಆದರೂ ಮೂವತ್ತೆರಡು ವರ್ಷ ಸೂಜಿ ಹಿಡಿದವಳ ಮಾತು ಕೇಳು.

ಕೆಲಸಕ್ಕೆ ಸೇರಿದ ಹೊಸತು. ಶಾಲೆಯ ಜಗಲಿ ಮೇಲೆ ಲಸಿಕೆ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಚುಚ್ಚಿಸಿಕೊಂಡ ಹುಡುಗನೊಬ್ಬ ಐದೇ ನಿಮಿಷದಲ್ಲಿ ಬಿಳಿಚಿಕೊಂಡ. ತುಟಿ ಊದಿತು, ಉಸಿರು ಸುಯ್‌ಗುಟ್ಟಿತು. ಆಗ ನಮ್ಮಂಥ ಸಿಸ್ಟರ್‌ಗಳು ಅದಕ್ಕೆ ಮದ್ದಾದ ಅಡ್ರಿನಲಿನ್ ಕೊಡುವಂತಿರಲಿಲ್ಲ. ಪುಣ್ಯಕ್ಕೆ ಡಾಕ್ಟರು ಅದೇ ಊರಿಗೆ ಬಂದಿದ್ದರು, ತೊಡೆಗೆ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಹುಡುಗ ಜೋರಾಗಿ ಅತ್ತ. ಆ ಅಳು ಕೇಳಿ ನಾನೂ ಅತ್ತೆ. ನನ್ನ ಸರ್ವಿಸಿನಲ್ಲೆಲ್ಲ ಅಂಥದ್ದು ಅದೊಂದೇ. ಹತ್ತು ಲಕ್ಷ ಡೋಸಿಗೆ ಸುಮಾರು ಒಂದೆರಡು ಹಾಗಾಗುತ್ತವೆ.

ಮರುವರ್ಷ ಬೇಸಿಗೆಯಲ್ಲಿ ಪಕ್ಕದ ಹಳ್ಳಿಗೆ ದಡಾರ ಬಂತು. ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದ ಮನೆಯೊಂದರಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಎಂಟನೇ ದಿನ ಕರೆದರು. ದದ್ದು ಮಾಸಿತ್ತು, ಮಗುವಿನ ಪಕ್ಕೆ ಸೆಳೆಯುತ್ತಿತ್ತು. ನ್ಯುಮೋನಿಯಾ. ತಾಯಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿಗೆ ಕಾದಳು. ಬಸ್ಸು ಬರುವ ಮೊದಲೇ ಉಸಿರು ನಿಂತಿತು. ಆ ಮಗುವಿನ ಲಸಿಕೆಯನ್ನೂ ‘ಮುಂದಿನ ತಿಂಗಳು ನೋಡೋಣ’ ಅಂದಿದ್ದರು.

ಮೊಬೈಲಿಗೆ ಬಂದದ್ದನ್ನೆಲ್ಲ ಓದಿದೆಯಲ್ಲ, ಒಬ್ಬ ಮಕ್ಕಳ ಡಾಕ್ಟರನ್ನು ಕೇಳಿದೆಯಾ? ಓದಿದವಳಲ್ಲವೇನೇ ನೀನು? ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ದಡಾರ-ರುಬೆಲ್ಲಾ ಲಸಿಕೆಯ ವೈರಸ್ಸನ್ನು ಬೆಳೆಸುವುದು ಮನುಷ್ಯರ ಜೀವಕೋಶಗಳಲ್ಲಿ, ಮೊಟ್ಟೆಯಲ್ಲಲ್ಲ. ಮೊಟ್ಟೆ ಒಗ್ಗದವರು ಎಚ್ಚರವಾಗಿರಬೇಕಾದದ್ದು ಆಫ್ರಿಕಾಕ್ಕೆ ಹೋಗುವವರಿಗೆ ಕೊಡುವ ಹಳದಿ ಜ್ವರದ ಲಸಿಕೆಗೆ. ಹಿಂದಿನ ಡೋಸಿಗೇ ಉಸಿರು ಕಟ್ಟಿದ್ದರೆ, ಜೆಲಾಟಿನ್‌ಗೋ ನಿಯೋಮೈಸಿನ್‌ಗೋ ಹಾಗಾಗಿದ್ದರೆ, ಆಗ ನಿಲ್ಲಬೇಕು. ಪಾಪುವಿಗೆ ಇದುವರೆಗಿನ ಲಸಿಕೆಗಳೆಲ್ಲ ಒಗ್ಗಿವೆ.

ಬೈದೆನೆಂದು ಬೇಸರ ಮಾಡಿಕೊಳ್ಳಬೇಡ ಕಂದಾ. ಗುರುವಾರ ತಾಯಿ ಕಾರ್ಡ್ ಹಿಡಿದು ಡಾಕ್ಟರಿರುವ ಆಸ್ಪತ್ರೆಗೇ ಹೋಗು. ಗಂದೆಯ ವಿಷಯ ಮೊದಲೇ ಹೇಳು. ಅಡ್ರಿನಲಿನ್ ಇದೆಯಾ ಅಂತ ಕೇಳು, ಸಂಕೋಚ ಬೇಡ. ಈಗ ಸಿಸ್ಟರ್‌ಗಳ ಕಿಟ್ಟಿನಲ್ಲೇ ಇರುತ್ತದೆ, ಅದರ ಮೊದಲ ಡೋಸನ್ನು ಅವರೇ ಕೊಡಬಹುದು. ಚುಚ್ಚಿಸಿದ ಮೇಲೆ 30 ನಿಮಿಷ ಅಲ್ಲೇ ಕೂತಿರು. ಇಂಥ ತೊಂದರೆ ಬಂದರೆ ಹೆಚ್ಚಾಗಿ ಅಷ್ಟರೊಳಗೇ ಬರುತ್ತದೆ.

ಬುಧವಾರ ಸಂಜೆ ಬಸ್ಸಿಗೆ ನಾನೇ ಬರುತ್ತೇನೆ. ಆ ಅರ್ಧ ಗಂಟೆ ಪಾಪು ನನ್ನ ಮಡಿಲಲ್ಲಿರಲಿ.

ನಿನ್ನ ದೊಡ್ಡಮ್ಮ