ಟೂರಿನ್ ನಗರದ ತಿನಿಸು ಮಾರುಕಟ್ಟೆ ಮತ್ತು ನಮ್ಮ ಹಾಲಿನ ಕ್ಯಾನು



ಇಟಲಿ ದೇಶದ ಟೂರಿನ್ ನಗರದಲ್ಲಿ ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನನ್ನು ನೋಡಲು ಅಕ್ಕ, ಭಾವನವರ ಜೊತೆ ನಾನೂ ರಜೆ ಹಾಕಿ ಹೋಗಿದ್ದೆ. ಅಲ್ಲಿನ ಅರಮನೆ, ಚರ್ಚುಗಳ ವರ್ಣನೆ ಈ ಪತ್ರಿಕೆಗೆ ಸಲ್ಲುವುದಿಲ್ಲ. ಆದರೆ ಹುಡುಗ ಒಂದು ದಿನ ತೋರಿಸಿದ ತಿನಿಸಿನ ಮಾರುಕಟ್ಟೆಯಲ್ಲಿ ಹಾಲಿನ ಬಗ್ಗೆ ನಾನು ಕಂಡದ್ದನ್ನು ನಿಮಗೆ ಹೇಳದೆ ಇರಲಾರೆ. ಕೊಟ್ಟಿಗೆಯಲ್ಲಿ ದನಕ್ಕೆ ಏನು ಹಾಕಿದೆವು, ಯಾವ ಔಷಧಿ ಚುಚ್ಚಿದೆವು ಎಂಬುದು ಎರಡು ವರ್ಷ ಕಳೆದ ಮೇಲೂ ಅಂಗಡಿಯ ಹಲಗೆಯ ಮೇಲೆ ಹೇಗೆ ಬಯಲಾಗುತ್ತದೆ ಎಂಬುದೇ ಆ ವಿಷಯ.

ಮಾರುಕಟ್ಟೆಯ ಹೆಸರು ಈಟಾಲಿ. ತಿನ್ನು ಎಂಬ ಇಂಗ್ಲಿಷ್ ಮಾತನ್ನೂ ಇಟಲಿಯ ಹೆಸರನ್ನೂ ಸೇರಿಸಿ ಕಟ್ಟಿದ ಹೆಸರು. ಆಸ್ಕರ್ ಫರಿನೆತ್ತಿ ಎಂಬ ವರ್ತಕರು ಇದನ್ನು 2007ರ ಜನವರಿಯಲ್ಲಿ ತೆರೆದರು. ಟೂರಿನ್‌ನ ಲಿಂಗೊಟ್ಟೊ ಎಂಬ ಬಡಾವಣೆಯಲ್ಲಿ, ಹಿಂದೆ ಕಾರ್ಪಾನೊ ಕಂಪನಿಯವರ ಮದ್ಯದ ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿ ಇದು ಇದೆ. ಹತ್ತಿರದಲ್ಲೇ ಮೇಲ್ಛಾವಣಿಯ ಮೇಲೆ ಕಾರು ಓಡಿಸಿ ಪರೀಕ್ಷೆ ಮಾಡುತ್ತಿದ್ದ ಫಿಯಟ್ ಕಂಪನಿಯ ಹಳೆಯ ಕಾರ್ಖಾನೆಯೂ ಇದೆ. ನಂತರ ಈಟಾಲಿ ನ್ಯೂಯಾರ್ಕ್ ಮೊದಲಾದ ದೊಡ್ಡ ನಗರಗಳಿಗೂ ಹಬ್ಬಿತು. ಮೊದಲನೆಯದು ಟೂರಿನ್‌ನದೇ.

ಒಳಗೆ ಹೋದರೆ ಒಂದು ಕಡೆ ತರಕಾರಿ, ಇನ್ನೊಂದು ಕಡೆ ಬ್ರೆಡ್ಡಿನ ಒಲೆ, ಮತ್ತೊಂದು ಕಡೆ ಮೀನು, ಮಾಂಸ, ಅದರಾಚೆ ಹಾಲಿನ ಪದಾರ್ಥ. ನಮ್ಮ ಊರಿನ ಸಂತೆಗೆ ಸೂರು ಹಾಕಿ, ನೆಲ ಒರೆಸಿ, ದೀಪ ಹಚ್ಚಿದ ಹಾಗೆ. ಇದರ ವಿಶೇಷವೆಂದರೆ ಪ್ರತಿಯೊಂದು ವಿಭಾಗದ ಪಕ್ಕದಲ್ಲೇ ಅದೇ ಪದಾರ್ಥದಿಂದ ಅಡುಗೆ ಮಾಡಿ ಬಡಿಸುವ ಹೋಟೆಲು. ತರಕಾರಿ ವಿಭಾಗದ ಬಳಿ ತರಕಾರಿಯ ಊಟ, ಹಿಟ್ಟಿನ ಬಳಿ ಪಿಜ್ಜಾ, ಪಾಸ್ತಾ, ಚೀಸಿನ ಬಳಿ ಚೀಸು. ಅಲ್ಲೇ ತಿಂದು ರುಚಿ ನೋಡಿ, ಹಿಡಿಸಿದರೆ ಎದುರಿಗೇ ಕೊಂಡು ಮನೆಗೆ ಒಯ್ಯಬಹುದು. ಪದಾರ್ಥದ ಮೇಲೆ ಬೆಲೆಯ ಚೀಟಿಯ ಜೊತೆಗೆ, ಇದು ಯಾವ ಪ್ರಾಂತ್ಯದ್ದು, ಮಾಡಿದವರು ಯಾರು, ಹೇಗೆ ಮಾಡಿದ್ದು ಎಂದು ತಿಳಿಸುವ ಫಲಕಗಳೂ ಇವೆ. ಆಹಾರ ಬೆಳೆದವನನ್ನು ತಿನ್ನುವವನು ಅರಿಯಬೇಕು ಎಂದು ಹೇಳುವ ಸ್ಲೋ ಫುಡ್ ಎಂಬ ಚಳವಳಿ ಇದೇ ಪ್ರಾಂತ್ಯದ ಬ್ರಾ ಎಂಬ ಸಣ್ಣ ಊರಿನಿಂದ ಹೊರಟದ್ದು. ಕಾರ್ಲೊ ಪೆಟ್ರೀನಿ ಎಂಬುವರು 1980ರ ದಶಕದಲ್ಲಿ ಅದನ್ನು ಕಟ್ಟಿದರು. ಈ ಮಾರುಕಟ್ಟೆ ಶುರುವಾದಾಗ ಆ ಚಳವಳಿಯವರ ಸಲಹೆಯೂ ಇತ್ತು.

ನಾವು ಮಧ್ಯಾಹ್ನ ಪಿಜ್ಜಾ ತಿಂದೆವು. ಅದರ ಮೇಲೆ ಕರಗಿದ್ದ ಬಿಳಿಯದು ಮೊಜರೆಲ್ಲಾ ಚೀಸ್. ಎಮ್ಮೆ ಸಾಕಿರುವ ಸದಸ್ಯರು ಇಲ್ಲಿ ಸ್ವಲ್ಪ ಗಮನಿಸಿ. ಇಟಲಿಯ ದಕ್ಷಿಣದ ಕಂಪಾನಿಯಾ ಪ್ರಾಂತ್ಯದಲ್ಲಿ ಬರಿಯ ಎಮ್ಮೆ ಹಾಲಿನಿಂದಲೇ ಮಾಡುವ ಮೊಜರೆಲ್ಲಾಗೆ ಹಸುವಿನ ಹಾಲಿನದಕ್ಕಿಂತ ಹೆಚ್ಚು ಬೆಲೆ. ಉಂಡೆಗಳನ್ನು ಅದರದೇ ನೀರಿನಲ್ಲಿ ತೇಲಬಿಟ್ಟು ಮಾರುತ್ತಾರೆ. ಸುಣ್ಣ ಬಳಿದ ಹಾಗೆ ಬಿಳುಪು. ಹಸು ಹಾಲಿಗೆ ತುಸು ಹಳದಿ ಕೊಡುವ ಕ್ಯಾರೊಟೀನ್ ಎಂಬ ಬಣ್ಣದ ಅಂಶವನ್ನು ಎಮ್ಮೆ ತನ್ನ ದೇಹದಲ್ಲೇ ವಿಟಮಿನ್ ‘ಎ’ ಆಗಿ ಬದಲಾಯಿಸಿಬಿಡುತ್ತದೆ. ಎಮ್ಮೆ ಹಾಲು, ಬೆಣ್ಣೆ ಬೆಳ್ಳಗಿರುವುದು ಅದರಿಂದ. ಜಿಡ್ಡು, ಪ್ರೋಟೀನು ಎರಡೂ ಹೆಚ್ಚಿರುವುದರಿಂದ ಕಡಿಮೆ ಹಾಲಿಗೆ ಹೆಚ್ಚು ಚೀಸು ಇಳಿಯುತ್ತದೆ. ಎಮ್ಮೆ ಹಾಲು ಮಂದ, ಬುದ್ಧಿಯೂ ಮಂದವಾಗುತ್ತದೆ ಎಂದು ಹೇಳುವವರಿಗೆ ಆ ವಿಭಾಗವನ್ನು ಒಮ್ಮೆ ತೋರಿಸಬೇಕು.

ಊಟವಾದ ಮೇಲೆ ಹುಡುಗ, “ಮಾವ, ನಿಮಗೆ ಬೇಕಾದ್ದು ಕೆಳಗಡೆ ಇದೆ ಬನ್ನಿ” ಎಂದು ನೆಲಮಾಳಿಗೆಗೆ ಕರೆದುಕೊಂಡು ಹೋದ. ಚೀಸು ಮಾಗುವ ಕೋಣೆ ಅಲ್ಲಿದೆ. ಗಾಡಿಯ ಚಕ್ರದ ಗುಂಬದಷ್ಟು ದಪ್ಪನೆಯ ದುಂಡು ಗಟ್ಟಿಗಳನ್ನು ಹಲಗೆಗಳ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ಅವುಗಳಲ್ಲಿ ಪ್ರಸಿದ್ಧವಾದದ್ದು ಪಾರ್ಮಿಜಾನೊ ರೆಜ್ಜಾನೊ. ಇದು ಟೂರಿನ್ ಸೀಮೆಯದಲ್ಲ. ಪೂರ್ವಕ್ಕೆ ಇರುವ ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಜಿಲ್ಲೆಗಳು, ಅವುಗಳಿಗೆ ಹೊಂದಿದ ಬೊಲೋನ್ಯಾ, ಮಾಂತುವಾ ಜಿಲ್ಲೆಗಳ ಒಂದಷ್ಟು ಭಾಗ, ಇಷ್ಟರಲ್ಲಿ ಕರೆದ ಹಾಲಿನಿಂದ ಅಲ್ಲೇ ಮಾಡಿದರೆ ಮಾತ್ರ ಆ ಹೆಸರು. ಬೇರೆ ಯಾರೂ ಹಾಕಿಕೊಳ್ಳುವಂತಿಲ್ಲ.

ಒಂದು ಚಕ್ರದ ತೂಕ ಸುಮಾರು 40 ಕಿಲೋ. ಅದಕ್ಕೆ ಬೇಕಾಗುವ ಹಾಲು ಸುಮಾರು 550 ಲೀಟರ್. ಅಂದರೆ ಒಂದು ಕಿಲೋ ಚೀಸಿಗೆ ಹತ್ತಿರ ಹತ್ತಿರ 14 ಲೀಟರ್. ಇಂತಹ ಚಕ್ರಗಳು ವರ್ಷಕ್ಕೆ ಸುಮಾರು 40 ಲಕ್ಷ ತಯಾರಾಗುತ್ತವೆ. ಮಾಡುವವರು ದೊಡ್ಡ ಕಂಪನಿಯವರಲ್ಲ, ಸುಮಾರು 300 ಸಣ್ಣ ಡೇರಿಗಳು. ಇವುಗಳಲ್ಲಿ ಬಹುಪಾಲು ನಮ್ಮ ಸಂಘಗಳ ಹಾಗೆಯೇ ಹಾಲು ಹಾಕುವ ರೈತರದೇ ಸಹಕಾರ ಸಂಘಗಳು. ಅಲ್ಲಿನ ಕೊಟ್ಟಿಗೆಗಳಲ್ಲಿ ಹಾಲು ಕರೆದು ದನ ನೋಡಿಕೊಳ್ಳುವವರಲ್ಲಿ ನಮ್ಮ ಪಂಜಾಬಿನ ಸಿಖ್ಖರು ಬಹಳ ಮಂದಿ. ರೆಜ್ಜೊ ಎಮಿಲಿಯಾ ಜಿಲ್ಲೆಯ ನೊವೆಲ್ಲಾರಾ ಎಂಬ ಊರಿನಲ್ಲಿ 2000ದಲ್ಲಿ ದೊಡ್ಡ ಗುರುದ್ವಾರವೂ ಆಗಿದೆ.

ಮಾಡುವ ಕ್ರಮ ನಮ್ಮ ಹೆಣ್ಣುಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಸಂಜೆಯ ಹಾಲನ್ನು ಅಗಲವಾದ ತೊಟ್ಟಿಯಲ್ಲಿ ರಾತ್ರಿಯಿಡೀ ಬಿಟ್ಟು ಮೇಲೆ ಕಟ್ಟಿದ ಕೆನೆ ತೆಗೆಯುತ್ತಾರೆ. ಅದಕ್ಕೆ ಬೆಳಗಿನ ಗಟ್ಟಿ ಹಾಲು ಸೇರಿಸಿ ತಾಮ್ರದ ಹಂಡೆಗೆ ಹಾಕುತ್ತಾರೆ. ಹೆಪ್ಪು ಅಂಗಡಿಯಿಂದ ತಂದದ್ದಲ್ಲ, ಹಿಂದಿನ ದಿನದ ಹಾಲೊಡಕಿನ ನೀರೇ ಹೆಪ್ಪು. ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಆದ್ದರಿಂದ ಶುದ್ಧ ಸಸ್ಯಾಹಾರಿಗಳಿಗೆ ಇದು ಸಲ್ಲದು. ನಾನೂ ತಿಳಿದುಕೊಂಡೇ ದೂರವಿದ್ದೆ. ಆಮೇಲೆ ಒಡೆದು, ಸುಮಾರು 55 ಡಿಗ್ರಿವರೆಗೆ ಕಾಯಿಸಿ, ಅಚ್ಚಿಗೆ ಹಾಕಿ, ಉಪ್ಪುನೀರಿನಲ್ಲಿ ಮೂರು ವಾರದ ಹತ್ತಿರ ಮುಳುಗಿಸಿಟ್ಟು, ಕಡಿಮೆ ಎಂದರೆ 12 ತಿಂಗಳು ಹಲಗೆಯ ಮೇಲೆ ಮಾಗಿಸಬೇಕು. ಎರಡು, ಮೂರು ವರ್ಷ ಇಡುವುದೂ ಉಂಟು. ಅಷ್ಟು ದಿನ ದುಡ್ಡು ಸಿಕ್ಕಿಹಾಕಿಕೊಂಡರೆ ಸಂಘ ನಡೆಯುವುದು ಹೇಗೆ ಎಂದು ಕೇಳುತ್ತೀರಿ. ನಾವು ಚಿನ್ನ ಅಡ ಇಟ್ಟ ಹಾಗೆ ಅಲ್ಲಿ ಈ ಚಕ್ರಗಳನ್ನೇ ತನ್ನ ಗೋದಾಮಿನಲ್ಲಿ ಅಡ ಇಟ್ಟುಕೊಂಡು ಸಾಲ ಕೊಡುವ ಬ್ಯಾಂಕು ಇದೆ.

ಈಗ ಕೊಟ್ಟಿಗೆಯ ವಿಷಯಕ್ಕೆ ಬರೋಣ. ಈ ಚೀಸಿಗೆ ಹಾಲು ಹಾಕುವ ರೈತನು ದನಗಳಿಗೆ ರಸಮೇವು, ಅಂದರೆ ಸೈಲೇಜ್, ಹಾಕುವಂತಿಲ್ಲ. ಹುಲ್ಲು, ಒಣಗಿಸಿದ ಕುದುರೆಮಸಾಲೆ ಇತ್ಯಾದಿಯೇ ಮೇವು. ಅದರಲ್ಲಿ ಬಹುಪಾಲು ಆ ಸೀಮೆಯಲ್ಲೇ ಬೆಳೆದದ್ದಾಗಿರಬೇಕು. ರಸಮೇವಿನ ಮೇಲೆ ಇಷ್ಟು ಕಟ್ಟುನಿಟ್ಟೇಕೆ? ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಜಾತಿಯ ಒಂದು ಸೂಕ್ಷ್ಮಜೀವಿ ಸರಿಯಾಗಿ ಕೂಡದ ರಸಮೇವಿನಲ್ಲಿ ಹೆಚ್ಚುತ್ತದೆ. ಮೇವಿನಿಂದ ದನದ ಹೊಟ್ಟೆಗೆ, ಅಲ್ಲಿಂದ ಸಗಣಿಗೆ, ಸಗಣಿಯಿಂದ ತೊಳೆಯದ ಕೆಚ್ಚಲಿಗೆ, ಕೆಚ್ಚಲಿನಿಂದ ಹಾಲಿಗೆ ಅದರ ಬೀಜಕಣಗಳು ಸೇರುತ್ತವೆ. ಹಾಲು ಕಾಯಿಸಿದರೂ ಸಾಯುವುದಿಲ್ಲ. ಚೀಸಿನ ಒಳಗೆ ತಿಂಗಳುಗಟ್ಟಲೆ ಸುಮ್ಮನಿದ್ದು, ಆಮೇಲೆ ಬೆಳೆದು ಗಾಳಿ ಹುಟ್ಟಿಸುತ್ತವೆ. ಚಕ್ರ ಉಬ್ಬಿ, ಒಳಗೆ ಬಿರುಕು ಬಿಟ್ಟು, ಕೆಟ್ಟ ವಾಸನೆ ಬರುತ್ತದೆ. 550 ಲೀಟರ್ ಹಾಲು ನೀರಪಾಲು.

ಇದನ್ನು ಓದಿ ನೀವು ರಸಮೇವಿನ ಗುಂಡಿ ಮುಚ್ಚಬೇಡಿ! ನಮ್ಮದು ಕುಡಿಯುವ ಹಾಲು, ಮೊಸರು, ತುಪ್ಪದ ವ್ಯವಹಾರ. ಬೇಸಿಗೆಯಲ್ಲಿ ಹಸಿ ಮೇವಿಗೆ ಬದಲಾಗಿ ಚೆನ್ನಾಗಿ ತುಳಿದು ಗಾಳಿಯಾಡದಂತೆ ಮುಚ್ಚಿದ ರಸಮೇವು ನಮಗೆ ಬೇಕೇ ಬೇಕು. ಹಾಗೆಯೇ ಅಲ್ಲಿ ಹಾಲನ್ನು 18 ಡಿಗ್ರಿಗಿಂತ ಕೆಳಗೆ ತಣಿಸಬಾರದು ಎಂಬ ನಿಯಮವಿದೆ, ಹಾಲಿನಲ್ಲಿ ಸಹಜವಾಗಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಕುಗ್ಗದಿರಲೆಂದು. ಅದಕ್ಕಾಗಿ ಕರೆದು ಮುಗಿಸಿದ ಎರಡು ಗಂಟೆಯೊಳಗೆ ಡೇರಿಗೆ ಮುಟ್ಟಿಸುತ್ತಾರೆ. ನಮ್ಮ ಬಿಸಿಲಿಗೆ ಅದು ಸಲ್ಲದು. ನಮ್ಮ ಶೀತಲೀಕರಣ ಘಟಕದ 4 ಡಿಗ್ರಿಯೇ ನಮಗೆ ಸರಿ. ನಕಲು ಮಾಡಬೇಕಾದದ್ದು ಕೆಚ್ಚಲು ತೊಳೆಯುವುದನ್ನು ಮತ್ತು ಹಾಲು ಬೇಗ ಮುಟ್ಟಿಸುವುದನ್ನು.

ಚಕ್ರಕ್ಕೆ 12 ತಿಂಗಳು ತುಂಬಿದಾಗ ಪರೀಕ್ಷೆ. ಪರಿಣತನೊಬ್ಬ ಸಣ್ಣ ಸುತ್ತಿಗೆಯಿಂದ ಚಕ್ರದ ಸುತ್ತಲೂ ತಟ್ಟಿ ಕಿವಿಗೊಟ್ಟು ಕೇಳುತ್ತಾನೆ. ನಾವು ಮಡಕೆ ತಟ್ಟಿ ಕೊಳ್ಳುವುದಿಲ್ಲವೇ, ಹಾಗೆ. ಒಳಗೆ ಬಿರುಕೋ ಪೊಳ್ಳೋ ಇದ್ದರೆ ಸದ್ದು ಬೇರೆಯಾಗುತ್ತದೆ. ತೇರ್ಗಡೆಯಾದರೆ ಕಾದ ಮುದ್ರೆ ಒತ್ತುತ್ತಾರೆ. ಆಗದಿದ್ದರೆ ಸಿಪ್ಪೆಯ ಮೇಲಿನ ಹೆಸರನ್ನು ಕೆರೆದು ಹಾಕಿಬಿಡುತ್ತಾರೆ. ಆಮೇಲೆ ಅದು ಹೆಸರಿಲ್ಲದ ಚೀಸು.

ಆ ಸಿಪ್ಪೆಯನ್ನು ನಾನು ಬಹಳ ಹೊತ್ತು ನೋಡಿದೆ. ಅಚ್ಚಿನಲ್ಲಿದ್ದಾಗಲೇ ಚುಕ್ಕಿ ಚುಕ್ಕಿಯಾಗಿ ಒತ್ತಿದ ಅಕ್ಷರಗಳು: ಚೀಸಿನ ಹೆಸರು, ಮಾಡಿದ ತಿಂಗಳು, ವರ್ಷ, ಮತ್ತು ಡೇರಿಯ ಸಂಖ್ಯೆ. ಇದಲ್ಲದೆ ಪ್ರತಿ ಚಕ್ರಕ್ಕೂ ಅದರದೇ ಗುರುತಿನ ಸಂಖ್ಯೆಯಿರುವ ಒಂದು ಬಿಲ್ಲೆ. ಈಟಾಲಿಯಲ್ಲಿ ಒಂದು ಕಿಲೋಗೆ 20 ಯೂರೋಗಿಂತ ಹೆಚ್ಚು ಕೊಟ್ಟು, ಅಂದರೆ ನಮ್ಮ ಸುಮಾರು ಎರಡು ಸಾವಿರ ರೂಪಾಯಿ ಕೊಟ್ಟು, ಕೊಳ್ಳುವವರು ಆ ಚುಕ್ಕಿಗಳನ್ನೂ ಕೊಳ್ಳುತ್ತಾರೆ.

ಇದೆಲ್ಲ ಹಣವಂತರ ಅಂಗಡಿಯ ಶೋಕಿ ಎನ್ನಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ಅಲ್ಲಿನ ಬೆಲೆ ನೋಡಿ ಅಕ್ಕ ಒಂದು ಪೊಟ್ಟಣ ಹಿಟ್ಟನ್ನು ಎತ್ತಿದವಳು ಹಾಗೇ ಇಟ್ಟುಬಿಟ್ಟಳು. ಹುಡುಗನಂತಹ ವಿದ್ಯಾರ್ಥಿಗಳು ತರಕಾರಿ ಕೊಳ್ಳುವುದು ಪೋರ್ತಾ ಪಲಾತ್ಸೊ ಎಂಬ ಬಯಲು ಸಂತೆಯಲ್ಲಿ, ಕೂಗಾಟ, ಚೌಕಾಸಿಯ ನಡುವೆ. ಮಾರನೆಯ ದಿನ ಅಲ್ಲಿಗೂ ಹೋದೆವು. ಅಲ್ಲಿನ ಚೀಸಿನವನ ಹಲಗೆಯ ಮೇಲಿದ್ದ ತುಂಡಿನ ಸಿಪ್ಪೆಯಲ್ಲೂ ಅವೇ ಚುಕ್ಕಿಗಳಿದ್ದವು.

ಆ ಸಂಖ್ಯೆ ನೋಡಿದಾಗ ನನ್ನದೇ ಒಂದು ತಪ್ಪು ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ತಾಯಿಯ ಮಿಶ್ರತಳಿ ಹಸುವಿಗೆ ಕೆಚ್ಚಲು ಬಾವು. ಅವರಿಗಿದ್ದದ್ದು ಅದೊಂದೇ ಹಸು. ಮೊಲೆಯೊಳಗೆ ಆಂಟಿಬಯೋಟಿಕ್ ಮುಲಾಮು ಏರಿಸಿ, ಮೂರು ದಿನ ಇಂಜೆಕ್ಷನ್ ಕೊಟ್ಟೆ. ಹಸು ಗುಣವಾಯಿತು. ಹಾಲು ಎಷ್ಟು ದಿನ ಸಂಘಕ್ಕೆ ಹಾಕಬಾರದು ಎಂದು ಹೇಳಲು ಮರೆತೆ. ಆಕೆ ಬಾವು ಬಂದ ಮೊಲೆಯ ಹಾಲನ್ನು ಚೆಲ್ಲಿ, ಉಳಿದ ಮೂರರ ಹಾಲನ್ನು ದಿನವೂ ಹಾಕಿದರು. ಅದು ಎಲ್ಲರ ಹಾಲಿನೊಡನೆ ಕ್ಯಾನಿಗೆ ಬಿತ್ತು. ಯಾವ ಮನೆಯಲ್ಲಿ ಯಾವ ಮಗು ಕುಡಿಯಿತೋ ಗೊತ್ತಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ಕೇಳುವ ದಾರಿಯೂ ಇರಲಿಲ್ಲ. ಆ ಚಕ್ರಗಳ ಮುಂದೆ ನಿಂತಾಗ ನನಗೆ ಚುಚ್ಚಿದ್ದು ಅದೇ.

ಆದ್ದರಿಂದ ಈ ಕೆಲವು ಮಾತು. ಆಂಟಿಬಯೋಟಿಕ್ ಉಳಿಕೆ ಇರುವ ಹಾಲಿನಲ್ಲಿ ಹೆಪ್ಪು ಸರಿಯಾಗಿ ಹಿಡಿಯುವುದಿಲ್ಲ, ಚೀಸೂ ಆಗುವುದಿಲ್ಲ. ಪೆನ್ಸಿಲಿನ್ ಒಗ್ಗದವರಿಗೆ ಅಪಾಯ. ಕಾಯಿಸಿದರೆ ಹೋಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಒಂದು ಮೊಲೆಗೆ ಔಷಧಿ ಏರಿಸಿದರೂ ಅದು ರಕ್ತಕ್ಕೆ ಸೇರಿ ನಾಲ್ಕರಲ್ಲೂ ಬರುತ್ತದೆ, ಹಾಗಾಗಿ ನಾಲ್ಕರ ಹಾಲನ್ನೂ ತಡೆಯಬೇಕು. ಎಷ್ಟು ದಿನ ಎಂಬುದು ಔಷಧಿಯಿಂದ ಔಷಧಿಗೆ ಬೇರೆ, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಆ ದಿನಗಳನ್ನು ಮೊದಲ ಇಂಜೆಕ್ಷನ್ನಿನಿಂದಲ್ಲ, ಕೊನೆಯದರಿಂದ ಎಣಿಸಬೇಕು. ಆ ಹಾಲನ್ನು ಕರುವಿಗೂ ಕುಡಿಸಬೇಡಿ.

ಡಾಕ್ಟರು ಬಂದು ಹೋಗುವ ಮುಂಚೆ “ಹಾಲು ಯಾವತ್ತಿನಿಂದ ಹಾಕಬಹುದು?” ಎಂದು ಕೇಳಿ, ಆ ತಾರೀಖನ್ನು ಕೊಟ್ಟಿಗೆಯ ಕಂಬದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಸಿಕೊಳ್ಳಿ. ಈಗ ನಾನು ಹೋದ ಕಡೆಯೆಲ್ಲ ನಾನೇ ಬರೆದು ಬರುತ್ತೇನೆ. ಹಾಲು ಕರೆಯುವವರು ಮನೆಯಲ್ಲಿ ಒಬ್ಬರೇ ಇರುವುದಿಲ್ಲ, ಬಾಯಲ್ಲಿ ಹೇಳಿದ್ದು ಸಂಜೆಗೆ ಮರೆತುಹೋಗುತ್ತದೆ.

ಒಂದೇ ಹಸು ಇರುವವರಿಗೆ ನಾಲ್ಕೈದು ದಿನದ ಹಾಲು ಚೆಲ್ಲುವುದು ಎಂದರೆ ವಾರದ ಬಟವಾಡೆಯೇ ಹೋದಂತೆ. ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಈ ನಷ್ಟ ತಪ್ಪಿಸಲು ಇರುವ ದಾರಿ ಬಾವು ಬಾರದಂತೆ ನೋಡಿಕೊಳ್ಳುವುದು. ಕರೆಯುವ ಮುಂಚೆ ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಮೊದಲ ನಾಲ್ಕು ಧಾರೆಯನ್ನು ಬೇರೆ ಬಟ್ಟಲಿಗೆ ಹಿಂಡಿ ಗರಣೆ, ನೀರಿನಂತಹ ಹಾಲು ಇದೆಯೇ ನೋಡಿ, ನೆಲಕ್ಕೆ ಹಿಂಡಬೇಡಿ. ಕರೆದ ಮೇಲೆ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಹಸುವಿಗೆ ಒಂದಿಷ್ಟು ಮೇವು ಹಾಕಿ ಅರ್ಧ ಗಂಟೆ ನಿಂತಿರುವಂತೆ ಮಾಡಿ, ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವವರೆಗೆ ಅದು ಸಗಣಿಯ ಮೇಲೆ ಮಲಗಬಾರದು. ಬತ್ತಿಸುವ ಸಮಯಕ್ಕೆ ಕೊಡುವ ಚಿಕಿತ್ಸೆಯ ಬಗ್ಗೆ ನಿಮ್ಮ ಮಾರ್ಗದ ಪಶುವೈದ್ಯರನ್ನು ಕೇಳಿ.