ವಿಮಾನನಿಲ್ದಾಣದಲ್ಲಿ ವಿನೋದದ ನುಡಿ: ಅದು ದಂಡಾರ್ಹವೆ?

ಊಟಕ್ಕೆ ಕುಳಿತವನು ‘ಸೈಂಧವವನ್ನು ತಾ’ ಎಂದರೆ ಉಪ್ಪನ್ನು ತರುವರು. ಪ್ರಯಾಣಕ್ಕೆ ಹೊರಟು ನಿಂತವನು ಅದೇ ಮಾತನ್ನು ಆಡಿದರೆ ಕುದುರೆಯನ್ನು ತರುವರು. ಶಬ್ದವೊಂದೇ, ಅರ್ಥ ಎರಡು. ಯಾವ ಅರ್ಥವನ್ನು ಹಿಡಿಯಬೇಕೆಂಬುದನ್ನು ನಿರ್ಣಯಿಸುವುದು ಸಂದರ್ಭ. ಶಾಸ್ತ್ರಾಭ್ಯಾಸಕ್ಕೆ ತೊಡಗಿದ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಈ ಹಳೆಯ ದೃಷ್ಟಾಂತವು ಇಂದಿನ ಒಂದು ಹೊಸ ಪ್ರಶ್ನೆಯನ್ನು ಬಿಡಿಸುವುದಕ್ಕೂ ಉಪಯುಕ್ತವಾಗಿದೆ. ವಿಮಾನನಿಲ್ದಾಣದ ತಪಾಸಣೆಯ ಮೇಜಿನ ಮುಂದೆ ನಿಂತ ಪ್ರಯಾಣಿಕನು ತನ್ನ ಚೀಲವನ್ನು ತೋರಿಸಿ, ನಗುನಗುತ್ತ, ‘ಇದರಲ್ಲಿ ಬಾಂಬ್ ಇದೆ’ ಎಂದರೆ ಅದು ವಿನೋದವೆ, ಅಪರಾಧವೆ? ಅಪರಾಧವೆಂದಾದರೆ ದಂಡವುಂಟೆ? ಉಂಟಾದರೆ ಎಷ್ಟು?

ಇದು ದೂರದವರ ವಿಚಾರವೆಂದು ಗೃಹಸ್ಥರು ಕಡೆಗಣಿಸುವಂತಿಲ್ಲ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಇಂದು ಮನೆಮನೆಯ ಮಕ್ಕಳು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ವಿಮಾನವೇರುತ್ತಿದ್ದಾರೆ. ಒಂದು ಹಗುರವಾದ ಮಾತಿನಿಂದ ಒಬ್ಬ ತರುಣನ ಜೀವನವೇ ಅಡ್ಡದಾರಿಗೆ ಬೀಳಬಹುದು. ಅದೇ ಮಾತಿನಿಂದ ನೂರಾರು ಜನರ ಪ್ರಯಾಣ ಕೆಡಲೂಬಹುದು. ಈ ಎರಡು ಕೇಡುಗಳನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕಾಗಿದೆ.

ಪೂರ್ವಪಕ್ಷ

ಎದುರುಪಕ್ಷದ ಮಾತನ್ನು ಬಲಗುಂದಿಸಿ ಗೆಲ್ಲುವುದು ವಾದವಲ್ಲ, ಜಲ್ಪ. ಆದುದರಿಂದ ದಂಡವು ಸಲ್ಲದೆನ್ನುವವರ ಮಾತನ್ನು ಅದರ ಪೂರ್ಣಬಲದೊಡನೆ ಕೇಳತಕ್ಕದ್ದು.

ಅವರು ಹೇಳುವುದಿಷ್ಟು: ನಗೆಯು ಮನುಷ್ಯನಿಗೆ ಸಹಜ. ಉದ್ದವಾದ ಸಾಲಿನಲ್ಲಿ ನಿಂತು, ನಡುಪಟ್ಟಿಯನ್ನು ಕಳಚಿ, ಚೀಲವನ್ನು ಬಿಚ್ಚಿ ತೋರಿಸುವ ಬೇಸರವನ್ನು ಒಂದು ಪರಿಹಾಸದಿಂದ ಕಳೆಯಲು ಯಾರಾದರೂ ಯತ್ನಿಸಿದರೆ ಅದರಲ್ಲಿ ದುಷ್ಟತನವೇನು? ನಿಜವಾಗಿ ಕೇಡನ್ನೆಣಿಸಿದವನು ಅದನ್ನು ಕಾವಲುಗಾರನಿಗೇ ಹೇಳಿ ಹೋಗುವನೆ? ಕಾವಲುಗಾರನಿಗೂ ಇದು ತಿಳಿದಿದೆ. ಯಾರೂ ನಂಬದ ಮಾತಿಗೆ ದಂಡ ವಿಧಿಸುವುದು ನಗೆಗೆ ದಂಡ ವಿಧಿಸಿದಂತೆಯೇ.

ಈ ಪಕ್ಷಕ್ಕೆ ನಿದರ್ಶನಗಳೂ ಇವೆ. 2010ರ ಜನವರಿಯಲ್ಲಿ ಇಂಗ್ಲೆಂಡಿನ ಡಾಂಕಾಸ್ಟರ್ ಬಳಿಯ, ಆಗ ರಾಬಿನ್ ಹುಡ್ ಎಂಬ ಹೆಸರಿದ್ದ ವಿಮಾನನಿಲ್ದಾಣವು ಹಿಮಪಾತದಿಂದ ಮುಚ್ಚಿತು. ಅಲ್ಲಿಂದ ಪ್ರಯಾಣ ಮಾಡಬೇಕಾಗಿದ್ದ ಒಬ್ಬ ತರುಣನು ನಿರಾಶನಾಗಿ, ವಾರವೊಂದರಲ್ಲಿ ಸರಿಪಡಿಸದಿದ್ದರೆ ನಿಲ್ದಾಣವನ್ನೇ ಸಿಡಿಸಿಬಿಡುವೆನೆಂಬರ್ಥದ ಸಾಲನ್ನು ಟ್ವಿಟರಿನಲ್ಲಿ ಬರೆದನು. ಕೆಲವು ದಿನಗಳ ಮೇಲೆ ನಿಲ್ದಾಣದವರ ಕಣ್ಣಿಗೆ ಅದು ಬಿದ್ದಿತು. ನಂಬತಕ್ಕ ಬೆದರಿಕೆಯಲ್ಲವೆಂದು ಅವರೇ ಎಣಿಸಿದರೂ ವಿಷಯವನ್ನು ಪೊಲೀಸರಿಗೆ ಒಪ್ಪಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಕೆಳಗಿನ ನ್ಯಾಯಸ್ಥಾನವು 2003ರ ಸಂಪರ್ಕ ಕಾಯಿದೆಯಂತೆ ಅವನನ್ನು ಅಪರಾಧಿಯೆಂದು ನಿರ್ಣಯಿಸಿ, 385 ಪೌಂಡು ಜುಲ್ಮಾನೆಯನ್ನೂ ಅದರ ಮೇಲೆ ಖರ್ಚನ್ನೂ ಹೊರಿಸಿತು. ಅವನ ಉದ್ಯೋಗವೂ ಹೋಯಿತು. ಎರಡು ವರ್ಷಗಳ ಹೋರಾಟದ ಬಳಿಕ, 2012ರ ಜುಲೈಯಲ್ಲಿ, ಅಲ್ಲಿಯ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಓದಿದವರಲ್ಲಿ ಭೀತಿಯನ್ನು ಹುಟ್ಟಿಸದ ಮಾತು ಬೆದರಿಕೆಯೆನಿಸದು ಎಂಬುದು ಆ ನಿರ್ಣಯದ ಸಾರ.

ಎರಡನೆಯ ನಿದರ್ಶನವು ಇತ್ತೀಚಿನದು. 2022ರ ಜುಲೈಯಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದಿಂದ ಸ್ಪೇನ್ ದೇಶದ ಮೆನೋರ್ಕಾ ದ್ವೀಪಕ್ಕೆ ಹೊರಟ ಹದಿನೆಂಟರ ಹರೆಯದ ವಿದ್ಯಾರ್ಥಿಯೊಬ್ಬನು, ತಾನು ವಿಮಾನವನ್ನು ಸಿಡಿಸಲು ಹೋಗುತ್ತಿರುವೆನೆಂದು ತನ್ನ ಗೆಳೆಯರ ಗುಂಪಿಗೆ ಮಾತ್ರ ಸ್ನ್ಯಾಪ್‌ಚಾಟ್ ಮೂಲಕ ತಮಾಷೆಯ ಸಂದೇಶ ಕಳುಹಿಸಿದನು. ಅದು ಅಧಿಕಾರಿಗಳಿಗೆ ತಿಳಿದು, ಸ್ಪೇನಿನ ಯುದ್ಧವಿಮಾನವು ಆ ವಿಮಾನದ ಬೆನ್ನು ಹತ್ತಿತು. ಹುಡುಗನು ಸೆರೆಯಾದನು. ಯುದ್ಧವಿಮಾನದ ವೆಚ್ಚವೆಂದು ಸುಮಾರು 95,000 ಯೂರೋಗಳನ್ನೂ, ಅದರ ಜೊತೆಗೆ ಜುಲ್ಮಾನೆಯನ್ನೂ ಅವನಿಂದ ಕೇಳಲಾಯಿತು. 2024ರ ಜನವರಿಯಲ್ಲಿ ಮ್ಯಾಡ್ರಿಡಿನ ನ್ಯಾಯಸ್ಥಾನವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಪರಿಶೀಲನೆ

ಈ ಎರಡು ಬಿಡುಗಡೆಗಳೂ ನ್ಯಾಯವೇ ಸರಿ. ಆದರೆ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಇಬ್ಬರೂ ಆಡಿದ ಮಾತು ತಪಾಸಣೆಯ ಅಧಿಕಾರಿಗೆ ಆಡಿದುದಲ್ಲ. ಒಬ್ಬನು ತನ್ನ ಪರಿಚಿತರ ವಲಯಕ್ಕೆ ಬರೆದನು, ಇನ್ನೊಬ್ಬನು ಗೆಳೆಯರಿಗೆ ಬರೆದನು. ಅವರನ್ನು ಕೇಳಿದವರಿಗೆ ನಗುವ ಸ್ವಾತಂತ್ರ್ಯವಿತ್ತು. ಪ್ರಶ್ನೆಯ ಮರ್ಮವು ಇಲ್ಲಿಯೇ ಇದೆ.

ಅಲಂಕಾರಿಕರು ಹಾಸ್ಯವನ್ನೂ ಭಯಾನಕವನ್ನೂ ಬೇರೆ ಬೇರೆ ರಸಗಳೆಂದು ಗಣಿಸಿದ್ದಾರೆ. ರಸದ ಆಸ್ವಾದವಾಗುವುದು ಸಹೃದಯನಲ್ಲಿ, ಕೇಳುವವನಲ್ಲಿ. ಹೇಳುವವನು ನಕ್ಕ ಮಾತ್ರಕ್ಕೆ ಹಾಸ್ಯವು ಸಿದ್ಧಿಸದು. ಕೇಳುವವನಿಗೆ ‘ಇದು ನಿಜವಲ್ಲ’ ಎಂದು ತಿಳಿದು ನಗಲು ಎಡೆಯಿರಬೇಕು. ತಪಾಸಣೆಯ ಮೇಜಿನ ಬಳಿ ನಿಂತವನಿಗೆ ಆ ಎಡೆಯೇ ಇಲ್ಲ. ‘ಬಾಂಬ್ ಇದೆ’ ಎಂಬ ಮಾತನ್ನು ಕೇಳಿ, ಇವನು ಸಜ್ಜನನಂತೆ ಕಾಣುತ್ತಾನೆಂದು ನಕ್ಕು ಬಿಟ್ಟುಬಿಡುವ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟಿಲ್ಲ. ನಂಬದೆ ಇರುವ ಸ್ವಾತಂತ್ರ್ಯವಿಲ್ಲದವನ ಮುಂದೆ ಆಡಿದ ಪರಿಹಾಸವು ಪರಿಹಾಸವಾಗದೆ, ಅವನ ಕರ್ತವ್ಯವನ್ನೇ ಆಟದ ವಸ್ತುವನ್ನಾಗಿ ಮಾಡುತ್ತದೆ.

ಆ ಅಧಿಕಾರವನ್ನು ಏಕೆ ಕೊಟ್ಟಿಲ್ಲವೆಂದರೆ, ಅದಕ್ಕೆ ಇತಿಹಾಸವು ಉತ್ತರ ಹೇಳುತ್ತದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನವು ಐರ್ಲೆಂಡಿನ ತೀರದಾಚೆ ಆಕಾಶದಲ್ಲಿಯೇ ಸಿಡಿದು, ಅದರಲ್ಲಿದ್ದ 329 ಮಂದಿಯೂ ಮೃತರಾದರು. ಒಡೆಯನು ಹತ್ತದೆ ಕಳುಹಿಸಿದ ಒಂದು ಪೆಟ್ಟಿಗೆಯಲ್ಲಿ ಬಾಂಬ್ ಇದ್ದಿತು. ಟೊರಾಂಟೊ ನಿಲ್ದಾಣದಲ್ಲಿ ಅಂದು ಎಕ್ಸ್-ರೇ ಯಂತ್ರವು ಕೆಟ್ಟು, ಉಳಿದ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿಯುವ ಉಪಕರಣದಿಂದ ನೋಡಿದರು. ಒಂದು ಪೆಟ್ಟಿಗೆಯ ಬಳಿ ಅದು ಕ್ಷೀಣವಾಗಿ ಸದ್ದು ಮಾಡಿದರೂ, ಅದು ಲೆಕ್ಕಿಸತಕ್ಕ ಸದ್ದಲ್ಲವೆಂದು ಬಿಟ್ಟುಕೊಟ್ಟರು. ‘ಇದೇನೂ ಇರಲಾರದು’ ಎಂಬ ಊಹೆಗೆ ತಪಾಸಣೆಯಲ್ಲಿ ಸ್ಥಾನವಿಲ್ಲವೆಂಬುದು ಆ ದುರಂತದಿಂದ ಕಲಿತ ಪಾಠಗಳಲ್ಲೊಂದು. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 1987ರಲ್ಲಿ ಸ್ವತಂತ್ರ ಇಲಾಖೆಯಾದುದು ಈ ಘಟನೆಯ ತರುವಾಯವೇ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನದ ಅಪಹರಣವಾದ ಮೇಲೆ, 2000ದಿಂದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯು ನಿಲ್ದಾಣಗಳ ಕಾವಲನ್ನು ವಹಿಸಿಕೊಳ್ಳತೊಡಗಿತು.

ಇನ್ನು, ಕೇಡೆಣಿಸುವವನು ಬಾಯಿಬಿಟ್ಟು ಹೇಳುವನೆ ಎಂಬ ಆಕ್ಷೇಪ. ಹೇಳಿದವರೂ ಉಂಟು. 1971ರ ಜನವರಿ 30ರಂದು ಇಂಡಿಯನ್ ಏರ್‌ಲೈನ್ಸಿನ ‘ಗಂಗಾ’ ವಿಮಾನವನ್ನು ಇಬ್ಬರು ಆಟಿಕೆಯ ಪಿಸ್ತೂಲನ್ನೂ ಹುಸಿ ಕೈಬಾಂಬನ್ನೂ ತೋರಿಸಿ ಲಾಹೋರಿಗೆ ಒಯ್ದರು. ಅವರ ಕೈಯಲ್ಲಿದ್ದ ಆಯುಧ ಸುಳ್ಳು, ಉದ್ದೇಶ ನಿಜ. ಮಾತು ಮತ್ತು ಆಟಿಕೆಗಳಷ್ಟರಿಂದಲೇ ವಿಮಾನವೊಂದು ಪರರಾಷ್ಟ್ರಕ್ಕೆ ಹೋಗಬಲ್ಲುದಾದರೆ, ಹೇಳುವವನು ಮಾಡಲಾರನೆಂಬ ನಿಯಮವನ್ನು ಕಾವಲುಗಾರನು ನಂಬಿ ಕುಳಿತುಕೊಳ್ಳುವುದೆಂತು?

ಹಾಗಾದರೆ ಇಂತಹ ಮಾತುಗಳೆಲ್ಲಕ್ಕೂ ಕಠಿನಶಿಕ್ಷೆಯೇ ಸರಿಯೆಂದು ತೀರ್ಮಾನಿಸಬಹುದೆ? ಅದೂ ಸಲ್ಲದು. ನಮ್ಮ ನಾಡಿನದೇ ಒಂದು ಘಟನೆಯು ಇದನ್ನು ಸ್ಪಷ್ಟಪಡಿಸುತ್ತದೆ. 2022ರ ಆಗಸ್ಟ್ 14ರಂದು ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ಪ್ರಯಾಣಿಕನು ತನ್ನ ಸ್ನೇಹಿತೆಯೊಡನೆ ದೂರವಾಣಿಯ ಸಂದೇಶಗಳಲ್ಲಿ ಭದ್ರತೆಯ ವಿಷಯವಾಗಿ ಪರಿಹಾಸ ಮಾಡುತ್ತಿದ್ದನು. ಸಹಪ್ರಯಾಣಿಕಳೊಬ್ಬಳ ದೃಷ್ಟಿ ಅದರ ಮೇಲೆ ಬಿದ್ದು, ಅವಳು ಭಯಗೊಂಡು ಸಿಬ್ಬಂದಿಗೆ ತಿಳಿಸಿದಳು. ವಿಮಾನವು ಹಿಂದಿರುಗಿತು, 185 ಪ್ರಯಾಣಿಕರನ್ನು ಇಳಿಸಿ, ಸಾಮಾನುಗಳನ್ನೆಲ್ಲ ಮತ್ತೆ ಶೋಧಿಸಿದರು, ಸುಮಾರು ಆರು ಗಂಟೆಗಳ ಕಾಲ ತಡವಾಯಿತು. ಫಲವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಈ ಇಬ್ಬರು ಡಾಂಕಾಸ್ಟರಿನ ತರುಣನಿಗಿಂತ ದೊಡ್ಡ ಅಪರಾಧಿಗಳಾಗಬೇಕು. ಏಕೆಂದರೆ ಅವನ ಮಾತಿನಿಂದ ಒಂದು ವಿಮಾನವೂ ತಡವಾಗಲಿಲ್ಲ. ಆದರೆ ಇವರು ಒಬ್ಬರಿಗೊಬ್ಬರು ಆಡಿಕೊಂಡ ಮಾತನ್ನು ಮೂರನೆಯವರು ಕಾಣಲೆಂದು ಬಯಸಿದವರಲ್ಲ. ಆದುದರಿಂದ ಶಬ್ದಮಾತ್ರದಿಂದಲೂ ಅಪರಾಧವು ನಿರ್ಣೀತವಾಗದು, ಫಲಮಾತ್ರದಿಂದಲೂ ಆಗದು. ಆಡಿದವನ ವಿವಕ್ಷೆ ಏನು, ಯಾರಿಗೆ ಆಡಿದನು, ಏನು ಫಲವಾಯಿತು ಎಂಬ ಮೂರನ್ನೂ ಕೂಡಿಯೇ ನೋಡಬೇಕು.

ಶಾಸನಗಳೂ ಈ ಭೇದವನ್ನು ಬಲ್ಲವು. 1971ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದವು, ಸುಳ್ಳೆಂದು ತಿಳಿದೂ ಸುದ್ದಿ ಕೊಟ್ಟು ಹಾರುತ್ತಿರುವ ವಿಮಾನಕ್ಕೆ ಅಪಾಯ ತರುವುದನ್ನು ಅಪರಾಧವೆಂದಿತು. ಅರಿವು ಮತ್ತು ಅಪಾಯ, ಎರಡೂ ಅಲ್ಲಿ ಬೇಕು. ಅದನ್ನನುಸರಿಸಿ 1982ರಲ್ಲಿ ಭಾರತವು ಮಾಡಿದ ಕಾಯಿದೆಯಲ್ಲಿ ಇದಕ್ಕೆ ಜೀವಾವಧಿ ಸೆರೆವಾಸವನ್ನು ಹೇಳಿದೆ. ಅಮೆರಿಕದ ದಂಡಸಂಹಿತೆಯಲ್ಲಿ ಎರಡು ಮೆಟ್ಟಿಲುಗಳಿವೆ: ಸುಳ್ಳೆಂದು ತಿಳಿದು ಇಂತಹ ಸುದ್ದಿಯನ್ನು ಹೇಳಿದ ಮಾತ್ರಕ್ಕೆ 1,000 ಡಾಲರು ಮೀರದ ಹಣದ ದಂಡ, ದ್ವೇಷದಿಂದಲೋ ಪರರ ಪ್ರಾಣವನ್ನು ಲೆಕ್ಕಿಸದೆಯೋ ಹೇಳಿದರೆ ಐದು ವರ್ಷಗಳವರೆಗೆ ಸೆರೆ. ನಮ್ಮಲ್ಲಿ ಈ ಕೆಳಗಿನ ಮೆಟ್ಟಿಲು ಬಹುಕಾಲ ಅಸ್ಪಷ್ಟವಾಗಿತ್ತು. 2024ರ ಅಕ್ಟೋಬರ್ ತಿಂಗಳಲ್ಲಿ ನೂರಾರು ವಿಮಾನಗಳಿಗೆ ಹುಸಿಬೆದರಿಕೆಗಳು ಬಂದ ಬಳಿಕ, ಆ ವರ್ಷದ ಡಿಸೆಂಬರಿನಲ್ಲಿ ಭದ್ರತಾ ನಿಯಮಗಳನ್ನು ತಿದ್ದಿ, ಸುಳ್ಳುಸುದ್ದಿಯಿಂದ ಗಾಬರಿಯೆಬ್ಬಿಸುವ ವ್ಯಕ್ತಿಗೆ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನು ಗೊತ್ತುಪಡಿಸಲಾಯಿತು.

ಸಿದ್ಧಾಂತ

ಇಷ್ಟನ್ನೂ ಪರಾಮರ್ಶಿಸಿದರೆ ಮೂರು ವರ್ಗಗಳು ತೋರುತ್ತವೆ.

ಗೆಳೆಯರೊಳಗೆ ಆಡಿದ ಮಾತು ಅಕಸ್ಮಾತ್ತಾಗಿ ಹೊರಬಿದ್ದುದು ಮೊದಲನೆಯದು. ಇಲ್ಲಿ ವಿಚಾರಣೆಯು ಅವಶ್ಯ, ದಂಡವು ಅನವಶ್ಯ. ಸಂಶಯವು ಪರಿಹಾರವಾದೊಡನೆ ಅವನನ್ನು ಬಿಟ್ಟುಬಿಡಬೇಕು. ವಿಮಾನ ತಪ್ಪಿ, ಅಧಿಕಾರಿಗಳ ಮುಂದೆ ತಾಸುಗಟ್ಟಲೆ ಕುಳಿತ ಕಷ್ಟವೇ ಅವನಿಗೆ ಸಾಕಷ್ಟು ಪಾಠ.

ತಪಾಸಣೆಯ ಅಧಿಕಾರಿಗೇ ವಿನೋದಕ್ಕಾಗಿ ಹೇಳಿದುದು ಎರಡನೆಯದು. ಇದು ದಂಡಾರ್ಹವೇ ಹೌದು. ಆದರೆ ಆ ದಂಡವು ಜುಲ್ಮಾನೆಯನ್ನೂ ಅಂದಿನ ಪ್ರಯಾಣದ ನಿಷೇಧವನ್ನೂ ಮೀರಬಾರದು. ಅವನಲ್ಲಿ ದ್ರೋಹವಿಲ್ಲ, ಪರರ ಕಾಲವನ್ನೂ ಕರ್ತವ್ಯವನ್ನೂ ಲೆಕ್ಕಿಸದ ಅಲಕ್ಷ್ಯವಿದೆ. ಅದೇ ಸಾಲಿನಲ್ಲಿ ತಾಯಿಯ ಅಂತ್ಯಕ್ರಿಯೆಗೆ ಹೊರಟವನು ನಿಂತಿರಬಹುದು. ಚಿಕಿತ್ಸೆಗೆ ಹೊರಟ ರೋಗಿಯೂ ಇರಬಹುದು. ಅಲಕ್ಷ್ಯಕ್ಕೆ ಹಣದ ದಂಡ ಸಲ್ಲುತ್ತದೆ. ಸೆರೆವಾಸವೂ ಉದ್ಯೋಗನಾಶವೂ ಸಲ್ಲವು.

ಹೆಸರು ಮರೆಸಿಕೊಂಡು ಕರೆ ಮಾಡಿಯೋ ಸಂದೇಶ ಕಳುಹಿಸಿಯೋ ಬೇಕೆಂದೇ ಭೀತಿ ಹುಟ್ಟಿಸುವುದು ಮೂರನೆಯದು. ಇದಕ್ಕೆ ವಿನೋದವೆಂಬ ಹೆಸರೇ ಸಲ್ಲದು. ಸಿಕ್ಕಿಬಿದ್ದ ಮೇಲೆ ‘ತಮಾಷೆಗೆ ಮಾಡಿದೆ’ ಎಂಬ ನೆಪವನ್ನು ಒಪ್ಪಕೂಡದು. ಕೇಳುವವನು ನಗಲೆಂದು ಹೇಳಿದವನು ತನ್ನ ಮುಖವನ್ನು ಮರೆಸುವುದಿಲ್ಲ. ಇಲ್ಲಿ ಸೆರೆವಾಸವು ಯುಕ್ತ.

ದಂಡವು ಅತಿಯಾದರೆ ಜನರು ಉದ್ವಿಗ್ನರಾಗುವರು, ಅತಿ ಮೃದುವಾದರೆ ಅಲಕ್ಷಿಸುವರು, ಯಥಾರ್ಹವಾದರೆ ಗೌರವಿಸುವರು ಎಂಬುದು ಕೌಟಿಲ್ಯನ ಅಭಿಪ್ರಾಯ. ಯಥಾರ್ಹವೆಂಬುದರಲ್ಲಿ ಸಮಾನತೆಯೂ ಸೇರಿದೆ. ಅದೇ ಪರಿಹಾಸವನ್ನು ಆಡಿದ ಇಬ್ಬರಲ್ಲಿ ಒಬ್ಬನು ಸಿರಿವಂತನೆಂದು ನಕ್ಕು ಬಿಡುವುದು, ಮತ್ತೊಬ್ಬನ ಹೆಸರು, ಉಡುಪು, ಮತಗಳನ್ನು ನೋಡಿ ಸೆರೆಗೆ ತಳ್ಳುವುದು ನಡೆದರೆ, ದಂಡವೇ ಅನ್ಯಾಯವಾಗುವುದು. ತಪ್ಪಾಗಿ ಕೇಳಿಸಿಕೊಂಡುದನ್ನು ಮಾತಿನ ಅಪರಾಧವೆನ್ನುವುದೂ ಸಲ್ಲದು. ಮುಂಬಯಿ ನಿಲ್ದಾಣದ ಸಂಕೇತಾಕ್ಷರಗಳೇ ಬಿ, ಓ, ಎಂ ಎಂದಿವೆ. ಭಾಷೆ ತಿಳಿಯದ ಎಡೆಯಲ್ಲಿ ಮುದುಕರೊಬ್ಬರು ಊರಿನ ಹಳೆಯ ಹೆಸರನ್ನು ಅರ್ಧ ಉಚ್ಚರಿಸಿದರೂ ಕಿವಿಗೆ ಬೇರೆಯಾಗಿ ಕೇಳಬಹುದು. ಅಂಥಲ್ಲಿ ಅಧಿಕಾರಿಯು ಎರಡನೆಯ ಸಲ ಕೇಳಿ ತಿಳಿಯುವುದು ಧರ್ಮ. ಎಳೆಯ ಮಕ್ಕಳ ಬಾಯಿಂದ ಬಂದ ಮಾತಿಗೂ ಇದೇ ನ್ಯಾಯ.

ಗೃಹಸ್ಥರು ಮಾಡಬೇಕಾದುದು ಸರಳವಾಗಿದೆ. ವಿಮಾನವೇರುವ ಮಕ್ಕಳಿಗೆ, ಟಿಕೆಟನ್ನೂ ಗುರುತುಪತ್ರವನ್ನೂ ಜ್ಞಾಪಿಸುವಾಗಲೇ ಇದನ್ನೂ ಜ್ಞಾಪಿಸಬೇಕು: ಬಾಂಬ್, ಅಪಹರಣ ಮುಂತಾದ ಮಾತುಗಳನ್ನು ನಿಲ್ದಾಣದೊಳಗೆ ಪರಿಹಾಸಕ್ಕಾಗಿಯೂ ಆಡಬಾರದು, ಮೊಬೈಲಿನಲ್ಲಿಯೂ ಬರೆಯಬಾರದು. ಬಾಯಿತಪ್ಪಿ ಆಡಿದುದಾದರೆ ಮರೆಮಾಚದೆ, ವಾದಕ್ಕಿಳಿಯದೆ, ಆ ಕ್ಷಣವೇ ತಪ್ಪೊಪ್ಪಿ, ಶೋಧನೆಗೆ ಸಹಕರಿಸಬೇಕು. ಕಾವಲಿನವನು ಕೇಳಿದ ಪ್ರಶ್ನೆಗೆ ಇದ್ದುದನ್ನು ಇದ್ದಂತೆ ಹೇಳಿ ಮುಂದೆ ನಡೆಯುವುದು ಲೇಸು. ನಗುವುದಕ್ಕೆ ಆಮೇಲೆ ಪ್ರಯಾಣದುದ್ದಕ್ಕೂ ಬೇಕಾದಷ್ಟು ಹೊತ್ತಿದೆ.