ನೆಲದಾಳದ ಕಣ, ನೆಲದ ಮೇಲಿನ ಪ್ರಶ್ನೆ: ಕೋಲಾರದಿಂದ ತೇನಿಯವರೆಗೆ

1930ರಲ್ಲಿ ಭೌತವಿಜ್ಞಾನಿ ವೂಲ್ಫ್‌ಗಾಂಗ್ ಪೌಲಿ ಅವರು ವಿದ್ಯುದಂಶವಿಲ್ಲದ, ಯಾರ ಕಣ್ಣಿಗೂ ಬೀಳದ ಒಂದು ಕಣವನ್ನು ಊಹಿಸಿ ಅದನ್ನು ‘ನ್ಯೂಟ್ರಾನ್’ ಎಂದು ಕರೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ಚಾಡ್ವಿಕ್ ಅವರು ಪರಮಾಣುವಿನ ಬೀಜದೊಳಗೆ ಬೇರೊಂದು ಕಣವನ್ನು, ಪೌಲಿಯವರದಕ್ಕಿಂತ ಬಹಳ ಭಾರವಾದುದನ್ನು, ಕಂಡುಹಿಡಿದರು; ಹೆಸರು ಅದರ ಪಾಲಾಯಿತು. ಹೆಸರು ಕಳೆದುಕೊಂಡ ಕಣಕ್ಕೆ ಇಟಲಿಯ ವಿಜ್ಞಾನಿಗಳು ತಮ್ಮ ಭಾಷೆಯಲ್ಲಿ ಚಿಕ್ಕದೆಂಬ ಅರ್ಥ ಕೊಡುವ ಪ್ರತ್ಯಯವನ್ನು ಹಚ್ಚಿ ‘ನ್ಯೂಟ್ರಿನೊ’ ಎಂದರು. ಎನ್ರಿಕೊ ಫರ್ಮಿಯವರ ಬಳಕೆಯಿಂದ ಅದು ಸ್ಥಿರವಾಯಿತು. ಕನ್ನಡದಲ್ಲಾಗಿದ್ದರೆ ‘ಮರಿ’ ಅಥವಾ ‘ಕಿರು’ ಎಂಬ ಮಾತು ಮುಂದೆ ಬಂದು ಕೂರುತ್ತಿತ್ತು. ಇಟಾಲಿಯನ್ನಿನಲ್ಲಿ ಅದು ಪದದ ಬಾಲವಾಯಿತು. ಬಾಲದ ಈ ಭೇದವನ್ನು ದ್ರಾವಿಡ ಭಾಷೆಗಳ ಕಿವಿ ಸುಲಭವಾಗಿ ಹಿಡಿಯಲಾರದು. ನ್ಯೂಟ್ರಾನ್ ಎಂದರೆ ಬಾಂಬಿನ ನೆನಪು, ಪರಮಾಣು ಸ್ಥಾವರದ ನೆನಪು. ನ್ಯೂಟ್ರಿನೊ ಎಂದರೂ ಅದೇ ನೆನಪು. ಭೌತವಿಜ್ಞಾನದ ಒಳಗೇ ಹುಟ್ಟಿದ ಈ ಹೆಸರಿನ ಗೊಂದಲ ಎಂಟು ದಶಕಗಳ ನಂತರ ತಮಿಳುನಾಡಿನ ಒಂದು ಬೆಟ್ಟದ ತಪ್ಪಲಿನಲ್ಲಿ ಸಾರ್ವಜನಿಕ ಗೊಂದಲವಾಗಿ ಮರುಹುಟ್ಟು ಪಡೆದುದನ್ನು ಭಾಷಾಭ್ಯಾಸಿಗಳು ಗಮನಿಸಬೇಕು.

ಆ ಬೆಟ್ಟಕ್ಕೆ ಹೋಗುವ ಮುನ್ನ ಕರ್ನಾಟಕದ ನೆಲದಾಳಕ್ಕೆ ಇಳಿಯಬೇಕಾಗುತ್ತದೆ. ಚೆನ್ನೈಯಿಂದ ಪಶ್ಚಿಮಕ್ಕೆ ಬಂಗಾರಪೇಟೆಯ ಮೂಲಕ ತಲಪುವ ಕೋಲಾರ ಚಿನ್ನದ ಗಣಿ ಪ್ರದೇಶವು ಭಾಷೆಯ ದೃಷ್ಟಿಯಿಂದ ಮದರಾಸಿಗೆ ದೂರದ್ದಲ್ಲ. ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ಕೂಲಿಕಾರರು ಅಲ್ಲಿ ತಮಿಳು, ತೆಲುಗು, ಕನ್ನಡಗಳನ್ನು ಒಂದೇ ಓಣಿಯಲ್ಲಿ ಆಡಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಮಿಕ್ಕಿ ಆಳಕ್ಕೆ ಹೋಗಿ, ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದಾಗಿತ್ತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು; ಒತ್ತಡಕ್ಕೆ ಬಂಡೆಯೇ ಸಿಡಿದು ಪ್ರಾಣ ತೆಗೆಯುತ್ತಿತ್ತು. ಚಿನ್ನಕ್ಕಾಗಿ ತೋಡಿದ ಈ ಕತ್ತಲೆ ವಿಜ್ಞಾನಕ್ಕೆ ಬೇರೊಂದು ಕಾರಣದಿಂದ ಬೇಕಾಯಿತು.

ಹೊರ ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲವನ್ನು ಹೊಡೆದಾಗ ಮ್ಯೂಆನ್ ಎಂಬ ಕಣಗಳು ಹುಟ್ಟಿ ನೆಲದ ಮೇಲೆ ಎಡೆಬಿಡದೆ ಸುರಿಯುತ್ತವೆ. ಅದೇ ಘಟ್ಟದಲ್ಲಿ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಮ್ಯೂಆನನ್ನು ಬಂಡೆ ತಡೆಯುತ್ತದೆ. ನ್ಯೂಟ್ರಿನೊವನ್ನು ಭೂಮಿಯೇ ತಡೆಯಲಾರದು. ಸೂರ್ಯನೊಬ್ಬನಿಂದಲೇ ಬೆರಳುಗುರಿನಷ್ಟು ಜಾಗದ ಮೂಲಕ ಪ್ರತಿ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ನ್ಯೂಟ್ರಿನೊಗಳು ಹಾದುಹೋಗುತ್ತವೆ. ಹಗಲು ಮೇಲಿನಿಂದ, ಇರುಳು ಕಾಲಡಿಯಿಂದ. ಯಾರಿಗೂ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ವಿಜ್ಞಾನಿಯ ಕಷ್ಟ. ಕೋಟ್ಯನುಕೋಟಿಯಲ್ಲಿ ಒಂದು ಎಲ್ಲಾದರೂ ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಒಂದು ಮ್ಯೂಆನನ್ನು ಹೊರಡಿಸಿದರೆ ಅದನ್ನು ಗುರುತಿಸಬೇಕು. ಮೇಲಿನಿಂದ ಸುರಿಯುವ ಉಳಿದ ಮ್ಯೂಆನುಗಳ ಗದ್ದಲ ಅದನ್ನು ಮುಚ್ಚಬಾರದು. ಸಂತೆಯಲ್ಲಿ ಪಿಸುಮಾತು ಕೇಳುವುದಿಲ್ಲವಾದ್ದರಿಂದ ಸಂತೆಯಿಂದ ದೂರ, ಅಂದರೆ ನೆಲದ ಆಳಕ್ಕೆ, ಹೋಗಬೇಕಾಯಿತು.

1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಕೋಲಾರದ ಗಣಿಗೆ ಉಪಕರಣಗಳೊಡನೆ ಇಳಿದವರು ಬಿ. ವಿ. ಶ್ರೀಕಂಠನ್. 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದ ಅವರು ಮುಂದೆ ಅದರ ನಿರ್ದೇಶಕರೂ ಆದರು. ಆಳ ಹೆಚ್ಚಿದಂತೆ ಮ್ಯೂಆನುಗಳು ಹೇಗೆ ವಿರಳವಾಗುತ್ತವೆ ಎಂಬ ಅಳತೆ ಒಂದು ದಶಕ ನಡೆಯಿತು. 1960ರ ದಶಕದ ಮೊದಲಲ್ಲಿ ಗಣಿಯ ಅತ್ಯಂತ ಆಳದ ನೆಲೆಯಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಬರಲಿಲ್ಲ. ಬರಿಗೈಯ ಈ ಫಲಿತಾಂಶವೇ ದೊಡ್ಡ ಸುದ್ದಿಯಾಯಿತು. ನ್ಯೂಟ್ರಿನೊವಿಗೆ ಬೇಕಾದ ನಿಶ್ಶಬ್ದ ಅಲ್ಲಿ ಇತ್ತು.

ಟಾಟಾ ಸಂಸ್ಥೆ, ಜಪಾನಿನ ಒಸಾಕ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಈ ಮೂರರ ತಂಡವು ಸುಮಾರು 2.3 ಕಿಲೊಮೀಟರ್ ಆಳದಲ್ಲಿ, ಏಳು ಕಿಲೊಮೀಟರ್ ದಪ್ಪದ ನೀರಿನ ಹೊದಿಕೆಗೆ ಸಮನಾದ ಬಂಡೆಯ ಕೆಳಗೆ, ಶೋಧಕಗಳನ್ನು ನಿಲ್ಲಿಸಿತು. ‘ನಿಲ್ಲಿಸಿತು’ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಅವು ಗೋಡೆಗಳಂತೆ ಲಂಬವಾಗಿದ್ದವು. ಅಳಿದುಳಿದ ಮ್ಯೂಆನು ಬರುವುದಾದರೆ ನೆತ್ತಿಯ ಕಡೆಯಿಂದ ಬರಬೇಕು, ಅಡ್ಡಲಾಗಿ ಬರಬೇಕಾದರೆ ನೂರಾರು ಕಿಲೊಮೀಟರ್ ಬಂಡೆಯನ್ನು ದಾಟಬೇಕು, ಅದು ಅಸಾಧ್ಯ. ಆದುದರಿಂದ ಗೋಡೆಯನ್ನು ಅಡ್ಡಹಾಯ್ದ ಗೆರೆ ನ್ಯೂಟ್ರಿನೊವಿನ ಸಹಿಯೇ ಸರಿ. 1965ರಲ್ಲಿ ಅಂಥ ಗೆರೆ ಕಂಡಿತು. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡ ಅದೇ ವರ್ಷ ಫೆಬ್ರವರಿಯಲ್ಲಿಯೇ ಮೊದಲ ಘಟನೆಯನ್ನು ದಾಖಲಿಸಿತ್ತು. ಪ್ರಕಟಣೆಯಲ್ಲಿ ಮಾತ್ರ ಕೋಲಾರ ಎರಡು ವಾರ ಮುಂದಿತ್ತು. ಯಾರು ಮೊದಲಿಗರು ಎಂಬ ವಾದ ಇಲ್ಲಿ ಮುಖ್ಯವಲ್ಲ. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಮನುಷ್ಯರು ಮೊದಲು ಕಂಡ ಎರಡು ಜಾಗಗಳಲ್ಲಿ ಒಂದು ಕರ್ನಾಟಕದ ನೆಲದಲ್ಲಿತ್ತು ಎಂಬುದು ಎಷ್ಟು ಕನ್ನಡ ಪಠ್ಯಗಳಲ್ಲಿ ಬಂದಿದೆ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

1980ರಲ್ಲಿ ಅಲ್ಲಿಯೇ 140 ಟನ್ ತೂಕದ ಕಬ್ಬಿಣದ ಶೋಧಕವೊಂದು ಪ್ರೋಟಾನ್ ಎಂದಾದರೂ ಕ್ಷಯಿಸುವುದೇ ಎಂಬ ಪ್ರಶ್ನೆಯನ್ನು ಹೊತ್ತು ಕೆಲಸ ಆರಂಭಿಸಿತು. ಕ್ಷಯದಂತೆ ಕಂಡ ಕೆಲವು ಘಟನೆಗಳು ವರದಿಯಾದವು. ಬೇರೆಡೆಯ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ, ಗಣಿಗಾರಿಕೆ ಕುಗ್ಗುತ್ತ ಬಂದಂತೆ, ಈ ಪ್ರಯೋಗಶಾಲೆ ಮುಚ್ಚಿತು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ನೀರೆತ್ತುವ ಯಂತ್ರಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿತು.

ಈ ನಾಲ್ಕು ದಶಕಗಳ ಉದ್ದಕ್ಕೂ ಕೋಲಾರದ ಪ್ರಯೋಗಶಾಲೆಯ ವಿರುದ್ಧ ದೊಡ್ಡ ಸಾರ್ವಜನಿಕ ವಿವಾದ ಎದ್ದುದಿಲ್ಲ. ಇದನ್ನು ವಿಜ್ಞಾನದ ಮೇಲಿನ ವಿಶ್ವಾಸವೆಂದು ತಿಳಿಯುವುದು ಆತುರದ ಮಾತಾದೀತು. ಕುಳಿ ಅದಾಗಲೇ ತೋಡಿತ್ತು. ತೋಡಿದವರ ಮಕ್ಕಳು ಅದನ್ನು ಅನುಭವಿಸುತ್ತಿದ್ದರು. ಗುಡ್ಡಗುಡ್ಡವಾಗಿ ಬಿದ್ದ ಸಯನೈಡ್ ಮಣ್ಣು ಚಿನ್ನದ ಲೆಕ್ಕಕ್ಕೆ ಸೇರಿತ್ತು. ವಿಜ್ಞಾನಿಗಳು ಅಲ್ಲಿ ಅತಿಥಿಗಳು. ಅವರಿಗಾಗಿ ಹೊಸದಾಗಿ ಒಂದು ಬೆಟ್ಟವನ್ನು ಕೊರೆಯಬೇಕಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿದ್ಧಮಾಡುವ ಅಭ್ಯಾಸವೂ ಆದ್ದರಿಂದ ಬೆಳೆಯಲಿಲ್ಲ.

ಆ ಅಭ್ಯಾಸದ ಅಗತ್ಯ ಒದಗಿದುದು ಭಾರತದ ನ್ಯೂಟ್ರಿನೊ ವೀಕ್ಷಣಾಲಯದ ಯೋಜನೆ ಬಂದಾಗ. 2002ರಲ್ಲಿ ಹಲವು ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಇದನ್ನು ಕೈಗೆತ್ತಿಕೊಂಡವು. ಅವುಗಳಲ್ಲಿ ಚೆನ್ನೈನ ತರಮಣಿಯಲ್ಲಿರುವ ಗಣಿತವಿಜ್ಞಾನಗಳ ಸಂಸ್ಥೆಯೂ ಒಂದು. ಈ ಸಂಸ್ಥೆಯ ಮೂಲವೇ ಕುತೂಹಲದ ಒಂದು ಸೊಗಸಾದ ಕಥೆ. ಅಲ್ಲಾಡಿ ರಾಮಕೃಷ್ಣನ್ ಅವರು ಮೈಲಾಪುರದ ತಮ್ಮ ಮನೆಯಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿ ನಡೆಸುತ್ತಿದ್ದ ಸೈದ್ಧಾಂತಿಕ ಭೌತವಿಜ್ಞಾನದ ಗೋಷ್ಠಿಗೆ 1960ರಲ್ಲಿ ನೀಲ್ಸ್ ಬೋರ್ ಬಂದರು; ಅವರ ಮೆಚ್ಚುಗೆಯ ಸುದ್ದಿ ನೆಹರೂ ಅವರ ಗಮನಕ್ಕೆ ಬಂತು; 1962ರ ಜನವರಿ 3ರಂದು ಸಂಸ್ಥೆ ಉದ್ಘಾಟನೆಗೊಂಡಿತು. ಮನೆಯ ಗೋಷ್ಠಿಯಿಂದ ಹುಟ್ಟಿದ ಸಂಸ್ಥೆಯೊಂದು ಅರ್ಧ ಶತಮಾನದ ನಂತರ ಊರ ಮಂದಿಯ ಪ್ರಶ್ನೆಗಳ ಎದುರು ನಿಲ್ಲಬೇಕಾಗಿ ಬಂದುದು ಇತಿಹಾಸದ ಒಂದು ತಿರುವು.

ಯೋಜನೆಯ ಹೃದಯ 50,000 ಟನ್ ತೂಕದ ಕಾಂತೀಯ ಕಬ್ಬಿಣದ ಶೋಧಕ. ಮೊದಲು ನೀಲಗಿರಿಯ ಸಿಂಗಾರ ಎಂಬಲ್ಲಿ ಜಾಗ ನೋಡಲಾಯಿತು. ಆನೆಗಳ ಹಾದಿ ಮತ್ತು ಮುದುಮಲೈ ಹುಲಿಧಾಮದ ಸಾಮೀಪ್ಯದ ಕಾರಣ 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅದನ್ನು ಒಪ್ಪಲಿಲ್ಲ. ಬಳಿಕ ತೇನಿ ಜಿಲ್ಲೆಯ ಪೊಟ್ಟಿಪುರಂ ಬಳಿ, ಬೋಡಿಯ ಪಶ್ಚಿಮ ಬೆಟ್ಟಗಳಲ್ಲಿ, ಸುಮಾರು ಎರಡು ಕಿಲೊಮೀಟರ್ ಉದ್ದದ ಸುರಂಗ ತೋಡುವ ನಿರ್ಧಾರವಾಯಿತು. 2015ರ ಆರಂಭದಲ್ಲಿ ಸುಮಾರು 1,500 ಕೋಟಿ ರೂಪಾಯಿಗಳ ಈ ಯೋಜನೆಗೆ ಕೇಂದ್ರದ ಅನುಮೋದನೆ ಪ್ರಕಟವಾಯಿತು. ಅದರ ಬೆನ್ನಿಗೇ ವೈಕೊ ಅವರ ಅರ್ಜಿಯ ಮೇಲೆ ಮದರಾಸು ಉಚ್ಚ ನ್ಯಾಯಾಲಯದ ಮಧುರೈ ಪೀಠ ತಡೆ ನೀಡಿತು.

ಊರಿನವರು ಕೇಳಿದ ಪ್ರಶ್ನೆಗಳನ್ನು ಒಂದೇ ರಾಶಿಗೆ ಹಾಕುವುದು ಸುಲಭ. ಪತ್ರಿಕೆಗಳು ಹಾಗೆಯೇ ಮಾಡಿದವು. ನಿಜವಾಗಿ ಅವು ಬೇರೆಬೇರೆ ಜಾತಿಯವು. ನ್ಯೂಟ್ರಿನೊ ಮೈಗೆ ತಾಗಿದರೆ ರೋಗ ಬರುವುದೇ, ಅದು ಆಯುಧವಾಗುವುದೇ ಎಂಬುದು ಒಂದು. ಇದಕ್ಕೆ ಭೌತವಿಜ್ಞಾನದ ಉತ್ತರ ಸ್ಪಷ್ಟ. ಬೆಟ್ಟದೊಳಗೆ ಸಿಡಿಮದ್ದು ಹಾರಿಸಿದರೆ ನೀರಿನ ಸೆಲೆ ಏನಾದೀತು, ಇಡುಕ್ಕಿ ಮುಲ್ಲಪೆರಿಯಾರ್ ಅಣೆಕಟ್ಟುಗಳಿಗೆ ಅಪಾಯವುಂಟೇ, ಕಾಡುಪ್ರಾಣಿಗಳ ಹಾದಿ ಏನು ಎಂಬುದು ಇನ್ನೊಂದು. ಇದಕ್ಕೆ ಕಣಭೌತವಿಜ್ಞಾನಿ ಉತ್ತರಿಸಲಾರರು. ಭೂವಿಜ್ಞಾನಿಯೂ ಅರಣ್ಯಶಾಸ್ತ್ರಜ್ಞನೂ ಬೇಕು. ಯಾರನ್ನು ಕೇಳಿ ಈ ಬೆಟ್ಟವನ್ನು ಆರಿಸಿದಿರಿ ಎಂಬುದು ಮೂರನೆಯದು. ಇದಕ್ಕೆ ಯಾವ ವಿಜ್ಞಾನವೂ ಉತ್ತರಿಸಲಾರದು. ವಿಜ್ಞಾನಿಗಳು ಹಳ್ಳಿಗಳಿಗೆ, ಕಾಲೇಜುಗಳಿಗೆ ಹೋಗಿ ತಮಿಳಿನಲ್ಲಿ ವಿವರಿಸಿದರೆಂಬುದನ್ನು ಮರೆಯಬಾರದು. ಆದರೆ ಅವರ ಶ್ರಮದ ಬಹುಪಾಲು ಮೊದಲನೆಯ ಪ್ರಶ್ನೆಗೇ ಸಂದಿತು. ನ್ಯೂಟ್ರಿನೊ ನಿರುಪದ್ರವಿ ಎಂದು ನೂರು ಬಾರಿ ಹೇಳಿದರೂ ಸುರಂಗ ನಿರುಪದ್ರವಿ ಎಂದು ಸಿದ್ಧವಾಗುವುದಿಲ್ಲ.

ಭಾಷೆಯೂ ಅವರ ನೆರವಿಗೆ ಬರಲಿಲ್ಲ. ಯೋಜನೆಗೆ ಹಣ ಕೊಡುವುದರಲ್ಲಿ ಅಣುಶಕ್ತಿ ಇಲಾಖೆ ಪ್ರಮುಖ. ಶಾಸ್ತ್ರಗ್ರಂಥಗಳಲ್ಲಿ ಕನ್ನಡಿಗರು ಅಣು, ಪರಮಾಣುಗಳನ್ನು ಬೇರ್ಪಡಿಸುತ್ತಾರೆ. ಆಡುಮಾತಿನಲ್ಲಿ ಅಣುವೆಂದರೆ ಬಾಂಬು, ಇಲ್ಲವೇ ವಿದ್ಯುತ್ ಸ್ಥಾವರ. ತಮಿಳಿನಲ್ಲಿಯೂ ಅದೇ ಪದ, ಅದೇ ಛಾಯೆ. 2011–12ರಲ್ಲಿ ಕೂಡಂಕುಳಂ ಸ್ಥಾವರದ ವಿರುದ್ಧ ನಡೆದ ಹೋರಾಟದ ಕಾವು ಆರುವ ಮುನ್ನ ಅದೇ ಇಲಾಖೆಯ ಹೆಸರು ಹೊತ್ತ ಫಲಕ ಬೆಟ್ಟದ ಬುಡದಲ್ಲಿ ನಿಂತರೆ ಜನ ಏನೆಂದು ಓದಿಯಾರು? ವಿಶ್ವಕಿರಣ, ವಿಕಿರಣ ಎಂಬ ನಮ್ಮ ಎರಡು ಪದಗಳ ನಡುವೆ ಉಳಿದಿರುವುದೂ ಒಂದೇ ಅಕ್ಷರದ ಅಂತರ. ಪಾರಿಭಾಷಿಕ ಪದಗಳನ್ನು ಕಟ್ಟುವವರು ಸಂಸ್ಕೃತದ ಧಾತುವನ್ನು ನೋಡುತ್ತಾರೆ, ಕಿವಿಯನ್ನು ನೋಡುವುದಿಲ್ಲ.

ವಿರೋಧವೆಂದರೆ ಅಜ್ಞಾನ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕನ್ನಡಿಗರಿಗೆ ಅದನ್ನು ಅಲ್ಲಗಳೆಯಲು ದೂರ ಹೋಗಬೇಕಿಲ್ಲ. ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಬರೆದು ಕನ್ನಡ ಓದುಗರಿಗೆ ವಿಜ್ಞಾನದ ಬಾಗಿಲು ತೆರೆದ ಶಿವರಾಮ ಕಾರಂತರೇ ಕೈಗಾ ಸ್ಥಾವರವನ್ನು ವಿರೋಧಿಸಿ, 1989ರ ಲೋಕಸಭಾ ಚುನಾವಣೆಗೆ ನಿಂತರು, ಸೋತರು. ಅವರ ನಿಲುವನ್ನು ಒಪ್ಪದವರಿರಬಹುದು, ಆದರೆ ವಿಜ್ಞಾನ ತಿಳಿಯದೆ ವಿರೋಧಿಸಿದರೆಂದು ಯಾರೂ ಹೇಳಲಾರರು. 1994ರಲ್ಲಿ, ನಿರ್ಮಾಣದ ಹಂತದಲ್ಲಿಯೇ, ಕೈಗಾದ ಒಂದು ಗುಮ್ಮಟದ ಒಳಪದರ ಕುಸಿಯಿತು. ತೇನಿಯ ವಿಷಯದಲ್ಲಿಯೂ ಪ್ರಶ್ನೆ ಕೇಳಿದವರ ಕೈ ಪೂರ್ತಿ ಬರಿದಾಗಿರಲಿಲ್ಲ. 2017ರ ಮಾರ್ಚಿನಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ ಐದು ಕಿಲೊಮೀಟರಿನೊಳಗೆ ಇದ್ದುದರಿಂದ ಯೋಜನೆಯನ್ನು ಹೆಚ್ಚು ಕಟ್ಟುನಿಟ್ಟಾದ ವರ್ಗದಲ್ಲಿ ಪರಿಶೀಲಿಸಬೇಕಿತ್ತು ಎಂಬುದು ಅದರ ಕಾರಣಗಳಲ್ಲಿ ಒಂದು. 2018ರಲ್ಲಿ ಮತ್ತೆ ಅನುಮತಿ ದೊರೆಯಿತು. ನ್ಯಾಯಮಂಡಳಿ ಅದನ್ನು ಎತ್ತಿಹಿಡಿದರೂ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕೆಂದಿತು. 2022ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸಿ, ಹುಲಿಗಳ ಹಾದಿಯಾದ ಆ ಬೆಟ್ಟಗಳಲ್ಲಿ ಯೋಜನೆಗೆ ಅವಕಾಶ ಕೊಡಲಾಗದೆಂದು ತಿಳಿಸಿತು.

ನಷ್ಟ ಸಣ್ಣದಲ್ಲ. ನ್ಯೂಟ್ರಿನೊಗಳು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದಕ್ಕೆ ಮಾರ್ಪಡುತ್ತವೆ, ಆದ್ದರಿಂದ ಅವುಗಳಿಗೆ ದ್ರವ್ಯರಾಶಿ ಇದೆ ಎಂಬುದನ್ನು 1998ರಲ್ಲಿ ತೋರಿಸಿಕೊಟ್ಟುದು ಜಪಾನಿನ ಕಮಿಯೋಕ ಗಣಿಯ ಶೋಧಕ. ಅದು ನೋಡಿದುದೂ ಕೋಲಾರದಲ್ಲಿ 1965ರಲ್ಲಿ ಕಂಡ ಅದೇ ವಾಯುಮಂಡಲದ ನ್ಯೂಟ್ರಿನೊಗಳನ್ನೇ. 2015ರ ನೊಬೆಲ್ ಬಹುಮಾನದಲ್ಲಿ ಆ ಕೆಲಸಕ್ಕೆ ಪಾಲು ಸಂದಿತು. ಮಧುರೈಯಲ್ಲಿ 85 ಟನ್ನಿನ ಕಿರು ಮಾದರಿಯೊಂದನ್ನು ಕಟ್ಟಿ 2018ರಿಂದ ಮ್ಯೂಆನುಗಳನ್ನು ಅಳೆಯಲಾಯಿತು. ಅದು ನೆಲದ ಮೇಲಿದೆ, ಅಂದರೆ ಸಂತೆಯ ನಡುವೆ.

ಕೋಲಾರದ ಪ್ರಯೋಗಗಳ ವೈಜ್ಞಾನಿಕ ದಾಖಲೆ ಇಂಗ್ಲಿಷಿನಲ್ಲಿ ಭದ್ರವಾಗಿದೆ. ಶೋಧಕದ ಬಿಡಿಭಾಗಗಳು ಇಳಿದ ಗಣಿಯ ತೊಟ್ಟಿಲುಗಳನ್ನು ನಡೆಸಿದವರು, ಆ ಆಳದಲ್ಲಿ ವಿಜ್ಞಾನಿಗಳ ಪಕ್ಕದಲ್ಲೇ ಬಂಡೆ ಒಡೆದವರು ಅಲ್ಲಿ ನಡೆಯುತ್ತಿದ್ದುದನ್ನು ತಮ್ಮ ತಮಿಳು ಬೆರೆತ ಕನ್ನಡದಲ್ಲಿ, ಕನ್ನಡ ಬೆರೆತ ತೆಲುಗಿನಲ್ಲಿ ಏನೆಂದು ಕರೆದರು, ಮನೆಗೆ ಹೋಗಿ ಮಕ್ಕಳಿಗೆ ಏನೆಂದು ಹೇಳಿದರು ಎಂಬುದು ಆ ದಾಖಲೆಯಲ್ಲಿಲ್ಲ. ಅದು ಭೌತವಿಜ್ಞಾನ ವಿಭಾಗದ ಕೆಲಸವೂ ಅಲ್ಲ. 1965ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಂಬತ್ತರ ಗಡಿಯಲ್ಲಿದ್ದಾರೆ, ಇಲ್ಲವೇ ಅದನ್ನೂ ದಾಟಿದ್ದಾರೆ.